‘ಸ್ಟೌ ಸಿಡಿದು ಗೃಹಿಣಿ ಸಾವು’: ಸುದ್ದಿಯ ಚಿಹ್ನೆಗಳನ್ನು ಓದುವ ಬಗೆ

(ಸ್ವಸಹಾಯ ಸಂಘಗಳ ಸದಸ್ಯೆಯರ ಶಿಬಿರದಲ್ಲಿ ನಿವೃತ್ತ ಕಾಲೇಜು ಅಧ್ಯಾಪಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)



‘ಮಹಿಳೆ ಮತ್ತು ಮಾಧ್ಯಮ’ ಎಂಬ ವಿಷಯದ ಮೇಲೆ ಮಾತಾಡಿ ಎಂದು ಸಂಘಟಕರು ಕೇಳಿದರು. ಇಂತಹ ಸಭೆಗಳಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಎಂದು ನಿಮಗೆ ಗೊತ್ತು. ಟಿವಿಯವರು ಹೆಣ್ಣನ್ನು ಕೆಟ್ಟದಾಗಿ ತೋರಿಸುತ್ತಾರೆ, ಸಿನಿಮಾದವರು ಇನ್ನೂ ಕೆಟ್ಟದಾಗಿ ತೋರಿಸುತ್ತಾರೆ ಎಂದು ಒಂದು ಗಂಟೆ ಬೈದು, ಚಹಾ ಕುಡಿದು, ಮನೆಗೆ ಹೋಗಿ ಅದೇ ಧಾರಾವಾಹಿ ನೋಡುತ್ತೇವೆ. ಆದ್ದರಿಂದ ಬೈಯುವ ಕೆಲಸವನ್ನು ಬದಿಗಿಟ್ಟು ಒಂದು ಪಾಠ ಮಾಡೋಣವೆಂದು ಬಂದಿದ್ದೇನೆ. ಕಾಲೇಜಿನಲ್ಲಿ ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ಮೊದಲ ತಿಂಗಳಲ್ಲಿ ಹೇಳುತ್ತಿದ್ದ ಪಾಠವಿದು. ಚಿಹ್ನಶಾಸ್ತ್ರ ಎನ್ನುತ್ತಾರೆ. ಹೆಸರು ದೊಡ್ಡದು, ವಿಷಯ ನಿಮಗೆ ಹೊಸದಲ್ಲ.

ನೀವು ಸಂಘಕ್ಕೆ ಸೇರಿದ ಮೇಲೆ ಪಾಸ್‌ಬುಕ್ ಓದಲು ಕಲಿತಿರಿ. ಬ್ಯಾಂಕಿನವರು ಬರೆದ ಬಾಕಿಯನ್ನು ಮತ್ತೊಮ್ಮೆ ಕೂಡಿ ನೋಡದೆ ನೀವು ಸಹಿ ಹಾಕುವುದಿಲ್ಲ. ಅವರು ಕೆಟ್ಟವರೆಂದಲ್ಲ, ದುಡ್ಡು ನಮ್ಮದು ಎಂದು. ಪತ್ರಿಕೆಯ ಸುದ್ದಿ, ಜಾಹೀರಾತು, ಧಾರಾವಾಹಿ ಇವುಗಳನ್ನೂ ಹಾಗೆಯೇ ಕೂಡಿ ಕಳೆದು ನೋಡಬೇಕು. ಏಕೆಂದರೆ ಅಲ್ಲಿ ಬರೆದಿರುವುದು ನಮ್ಮ ಬದುಕಿನ ಲೆಕ್ಕ. ಕೆಲವೊಮ್ಮೆ ನಮ್ಮ ಸಾವಿನ ಲೆಕ್ಕ.

ಪದ ಒಂದು, ಅರ್ಥ ಒಂದು

ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಫರ್ಡಿನಾಂಡ್ ಡಿ ಸಸ್ಸೂರ್ ಎಂಬ ಭಾಷಾ ಪಂಡಿತರಿದ್ದರು. 1857ರಲ್ಲಿ ಹುಟ್ಟಿ 1913ರಲ್ಲಿ ತೀರಿಕೊಂಡರು. ಅವರ ವಿದ್ಯಾರ್ಥಿಗಳು ತರಗತಿಯಲ್ಲಿ ಬರೆದುಕೊಂಡಿದ್ದ ಟಿಪ್ಪಣಿಗಳ ಆಧಾರದಿಂದ 1916ರಲ್ಲಿ ಒಂದು ಪುಸ್ತಕ ಬಂತು. ಈ ಶಾಸ್ತ್ರದ ಒಂದು ಬುನಾದಿ ಅದು. ಅವರು ಹೇಳಿದ್ದಿಷ್ಟು: ಪ್ರತಿಯೊಂದು ಚಿಹ್ನೆಗೂ ಎರಡು ಮುಖ. ಕಿವಿಗೆ ಬೀಳುವ ಅಥವಾ ಕಣ್ಣಿಗೆ ಕಾಣುವ ರೂಪ ಒಂದು. ಅದರಿಂದ ಮನಸ್ಸಿನಲ್ಲಿ ಮೂಡುವ ಅರ್ಥ ಇನ್ನೊಂದು. ಮೊದಲನೆಯದು ಸೂಚಕ, ಎರಡನೆಯದು ಸೂಚಿತ. ‘ಮನೆ’ ಎಂಬ ಸದ್ದು ಸೂಚಕ. ಮನಸ್ಸಿನಲ್ಲಿ ಮೂಡುವ ಗೋಡೆ, ಸೂರು, ಒಲೆ, ಸಂಸಾರ ಸೂಚಿತ.

ಇವೆರಡನ್ನೂ ಗಂಟುಹಾಕಿದವರು ಯಾರು? ದೇವರಲ್ಲ, ಪ್ರಕೃತಿಯಲ್ಲ, ಜನ. ನಾವು ಮನೆ ಎನ್ನುವುದನ್ನು ತಮಿಳರು ವೀಡು ಎನ್ನುತ್ತಾರೆ, ಹಿಂದಿಯವರು ಘರ್ ಎನ್ನುತ್ತಾರೆ. ಯಾವ ಸದ್ದೂ ಆ ಗೋಡೆಯಿಂದ ಹುಟ್ಟಿದ್ದಲ್ಲ. ಜನ ಸೇರಿ ಒಪ್ಪಿಕೊಂಡ ರೂಢಿ ಅದು.

ಬಣ್ಣಗಳನ್ನು ನೋಡಿ. ಹಸಿರು ಬಳೆ ಎಂದರೆ ಮುತ್ತೈದೆತನ; ರಸ್ತೆಯ ದೀಪದಲ್ಲಿ ಹಸಿರು ಎಂದರೆ ಗಾಡಿ ಬಿಡಿ. ಕೆಂಪು ಸೀರೆ ಉತ್ತರ ಭಾರತದಲ್ಲಿ ಮದುಮಗಳದು. ಅದೇ ಕೆಂಪು ಸೀರೆಯನ್ನು ನಮ್ಮ ಕಡೆಯ ಬ್ರಾಹ್ಮಣ ಮನೆಗಳಲ್ಲಿ ತಲೆ ಬೋಳಿಸಿದ ವಿಧವೆಯರಿಗೆ ಉಡಿಸುತ್ತಿದ್ದರು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯನ್ನು ಓದಿದವರಿಗೆ, ಪ್ರೇಮಾ ಕಾರಂತರು 1983ರಲ್ಲಿ ಮಾಡಿದ ಅದರ ಸಿನಿಮಾ ನೋಡಿದವರಿಗೆ ಆ ಬದುಕು ಗೊತ್ತು. ಬಿಳಿ ಬಟ್ಟೆ ಒಂದು ಕಡೆ ವೈಧವ್ಯ, ಚರ್ಚಿನಲ್ಲಿ ಮದುವಣಗಿತ್ತಿಯ ಉಡುಪು. ಬಣ್ಣದೊಳಗೆ ಶುಭವೂ ಇಲ್ಲ, ಅಶುಭವೂ ಇಲ್ಲ. ಇಟ್ಟವರು ನಾವು. ಇಟ್ಟವರು ನಾವಾದರೆ ತೆಗೆಯುವವರೂ ನಾವೇ ಆಗಬಹುದು. ಈ ಮಾತನ್ನು ಒಂದು ಕಡೆ ಗಂಟುಹಾಕಿಕೊಳ್ಳಿ, ಕೊನೆಯಲ್ಲಿ ಬಿಚ್ಚೋಣ.

ಹೆಸರು ಬದಲಾದರೆ ಹಣ ಬದಲಾಗುವುದಿಲ್ಲ

ಸೂಚಕ ಸೂಚಿತಗಳ ಗಂಟು ಜನರ ಕೈಯಲ್ಲಿದೆ ಎಂದಮೇಲೆ, ಅದನ್ನು ಉಪಾಯವಾಗಿ ಜಾರಿಸುವವರೂ ಇರುತ್ತಾರೆ. 1961ರಲ್ಲಿ ವರದಕ್ಷಿಣೆ ನಿಷೇಧ ಕಾಯ್ದೆ ಬಂತು. ಆಗ ‘ವರದಕ್ಷಿಣೆ’ ಎಂಬ ಪದ ಹಿಂದೆ ಸರಿಯಿತು; ‘ವರೋಪಚಾರ’, ‘ಉಡುಗೊರೆ’, ‘ಹುಡುಗಿಗೆ ನೀವು ಏನು ಹಾಕುತ್ತೀರೋ ಅದು ನಿಮಗೆ ಬಿಟ್ಟದ್ದು’ ಎಂಬ ಮಾತುಗಳು ಮುಂದೆ ಬಂದವು. ಸೂಚಕ ಹೊಸದು, ಸೂಚಿತ ಹಳೆಯದೇ.

1986ರಲ್ಲಿ ಅದೇ ಕಾಯ್ದೆಗೆ 4-ಎ ಕಲಮು ಸೇರಿಸಿದರು. ಮದುವೆಗೆ ಪ್ರತಿಯಾಗಿ ಆಸ್ತಿಯಲ್ಲಿ ಪಾಲು, ಹಣ, ವ್ಯಾಪಾರದಲ್ಲಿ ಪಾಲು ಕೊಡುತ್ತೇವೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಡುವುದೂ, ಅದನ್ನು ಅಚ್ಚುಹಾಕುವುದೂ ಅಪರಾಧವಾಯಿತು. ವಧೂವರರ ಅಂಕಣ ಇದಕ್ಕೆ ಏನು ಮಾಡಿತು ಗೊತ್ತೇ? ‘ಡೀಸೆಂಟ್ ಮದುವೆ ಮಾಡಿಕೊಡಲಾಗುವುದು’ ಎಂಬಂತಹ ಮಾತುಗಳು ಅಲ್ಲಿ ತಳವೂರಿದವು. ಡೀಸೆಂಟ್ ಎಂದರೆ ಸಭ್ಯ. ಸಭ್ಯವಾದ ಮದುವೆ ಎಂದರೆ ಗಂಡು ಹೆಣ್ಣು ಒಪ್ಪಿ, ಸಾಲವಿಲ್ಲದೆ ಆಗುವ ಮದುವೆ ಎಂದು ನಾವು ತಿಳಿಯಬೇಕು. ಆದರೆ ಆ ಅಂಕಣ ಓದುವ ಯಾರಿಗೂ ಹಾಗೆ ಅರ್ಥವಾಗುವುದಿಲ್ಲ. ದೊಡ್ಡ ಛತ್ರ, ಇಷ್ಟು ಬಂಗಾರ, ವಾಹನ ಎಂದೇ ಅರ್ಥವಾಗುತ್ತದೆ. ಕಾಯ್ದೆಗೆ ಸಿಕ್ಕುವುದು ಅಚ್ಚಾದ ಪದ. ಬೀಗರಿಗೆ ತಲುಪುವುದು ಅಚ್ಚಾಗದ ಅರ್ಥ.

ಸೌಂದರ್ಯದ ವ್ಯಾಪಾರದಲ್ಲೂ ಇದೇ ಆಟ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಕ್ರೀಮು 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಎಂಬ ಪದ ತೆಗೆದು ‘ಗ್ಲೋ’ ಎಂದಿಟ್ಟುಕೊಂಡಿತು. ಬಿಳುಪು ಹೋಗಿ ಹೊಳಪು ಬಂತು. ಹೆಣ್ಣು ನೋಡಲು ಬಂದವರ ಮನಸ್ಸಿನ ಪದಕೋಶ ಅದರಿಂದ ಎಷ್ಟು ಬದಲಾಯಿತು ಎಂದು ಕಪ್ಪು ಬಣ್ಣದ ಮಗಳಿರುವ ತಾಯಂದಿರು ಹೇಳಬೇಕು.

ಮೂರು ಬಗೆಯ ಗುರುತು

ಇದೇ ಕಾಲದಲ್ಲಿ ಅಮೆರಿಕದಲ್ಲಿ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ ಎಂಬ ತತ್ವಜ್ಞಾನಿಯೂ ಚಿಹ್ನೆಗಳ ಬಗ್ಗೆ ಯೋಚಿಸುತ್ತಿದ್ದರು. ಅವರು ಚಿಹ್ನೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಹೋಲಿಕೆಯಿಂದ ಅರ್ಥ ಕೊಡುವಂಥದ್ದು ಪ್ರತಿರೂಪ: ನಿಮ್ಮ ಫೋಟೋ ನಿಮ್ಮ ಪ್ರತಿರೂಪ. ಕಾರಣ ಕಾರ್ಯದ ನಂಟಿನಿಂದ ಅರ್ಥ ಕೊಡುವಂಥದ್ದು ಕುರುಹು: ಹೊಗೆ ಬೆಂಕಿಯ ಕುರುಹು, ಹೆಜ್ಜೆ ಗುರುತು ನಡೆದವರ ಕುರುಹು, ತೋಳಿನ ಮೇಲಿನ ಬಾಸುಂಡೆ ಹೊಡೆತದ ಕುರುಹು. ಬರೀ ರೂಢಿಯಿಂದ ಅರ್ಥ ಕೊಡುವಂಥದ್ದು ಸಂಕೇತ: ತಾಳಿ, ರಾಷ್ಟ್ರಧ್ವಜ, ನಾವು ಆಡುವ ಎಲ್ಲ ಮಾತು.

ಈ ವಿಂಗಡಣೆ ನಮಗೆ ಏಕೆ ಬೇಕು? ಹೇಳುತ್ತೇನೆ. ಸೀಮೆಎಣ್ಣೆ ಸ್ಟೌ ಮನೆಮನೆಯಲ್ಲಿದ್ದ ಕಾಲದಲ್ಲಿ ಪತ್ರಿಕೆಗಳಲ್ಲಿ ‘ಸ್ಟೌ ಸಿಡಿದು ಗೃಹಿಣಿ ಸಾವು’ ಎಂಬ ಸಾಲು ಮತ್ತೆ ಮತ್ತೆ ಬರುತ್ತಿತ್ತು. ‘ಸ್ಟೌ ಸಿಡಿಯಿತು’ ಎಂಬುದು ಮಾತು, ಅಂದರೆ ಸಂಕೇತ. ಮಾತನ್ನು ಯಾರು ಬೇಕಾದರೂ ಆಡಬಹುದು. ಆಸ್ಪತ್ರೆಗೆ ಕರೆತಂದ ಗಂಡ ಆಡಬಹುದು, ಅತ್ತೆ ಆಡಬಹುದು, ಮಕ್ಕಳ ಗತಿ ಏನೆಂದು ಹೆದರಿ ಸುಟ್ಟುಕೊಂಡ ಹೆಣ್ಣೇ ಆಡಬಹುದು. ಆದರೆ ಅಡುಗೆಮನೆಯಲ್ಲಿ ಕುರುಹುಗಳಿರುತ್ತವೆ. ಅದು ಪಂಪ್ ಸ್ಟೌ ಆಗಿತ್ತೋ ಬತ್ತಿ ಸ್ಟೌ ಆಗಿತ್ತೋ? ಪಂಪ್ ಸ್ಟೌನಲ್ಲಿ ಗಾಳಿಯ ಒತ್ತಡವಿರುತ್ತದೆ, ಬತ್ತಿ ಸ್ಟೌನಲ್ಲಿ ಇರುವುದಿಲ್ಲ. ಸಿಡಿದಿದ್ದರೆ ಸ್ಟೌ ಒಡೆದಿದೆಯೇ? ಮೇಲಿದ್ದ ಪಾತ್ರೆ ಎಲ್ಲಿ? ಅನ್ನ ಬೇಯುವ ಹೊತ್ತೋ, ನಡುರಾತ್ರಿಯೋ? ಸೀಮೆಎಣ್ಣೆ ವಾಸನೆ ಸೆರಗಿನಲ್ಲಿದೆಯೋ, ತಲೆಗೂದಲಲ್ಲೋ?

ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು 1990ರ ದಶಕದಲ್ಲಿ ಕೇಳಿದ್ದು ಇಂತಹ ಪ್ರಶ್ನೆಗಳನ್ನೇ. ಅವರು ಕಲೆಹಾಕಿದ್ದ, 1999ರಲ್ಲಿ ಫ್ರಂಟ್‌ಲೈನ್ ಪತ್ರಿಕೆಯಲ್ಲಿ ಅಚ್ಚಾದ ಲೆಕ್ಕವನ್ನು ನೋಡಿ. 1997ರಲ್ಲಿ ಬೆಂಗಳೂರಿನಲ್ಲಿ 1,133 ಹೆಂಗಸರು ಅಸಹಜವಾಗಿ ಸತ್ತರು. ಅದರಲ್ಲಿ 157 ಸಾವನ್ನು ಕೊಲೆ ಎಂದೂ, 546ನ್ನು ಆತ್ಮಹತ್ಯೆ ಎಂದೂ, 430ನ್ನು ಅಪಘಾತವೆಂದೂ ವಿಂಗಡಿಸಲಾಗಿತ್ತು. ಒಂದೇ ನಗರ, ಒಂದೇ ವರ್ಷ, 430 ಅಪಘಾತ. ಅಷ್ಟೊಂದು ಅಪಘಾತಗಳು ಒಬ್ಬ ಹೆಂಗಸಿನ ಬದುಕಿನಲ್ಲಿ ಮದುವೆಯಾದ ಮೇಲೆ ಏಕೆ ಕಾದಿರುತ್ತವೆ ಎಂದು ಅವರು ಕೇಳಿದರು. ಕಡತದಲ್ಲಿದ್ದ ಪದವನ್ನು ಬಿಟ್ಟು ಕುರುಹನ್ನು ಓದಿದ ಕೆಲಸ ಅದು.

ಆದ್ದರಿಂದ ನಿಮ್ಮ ಬೀದಿಯಲ್ಲಿ ಇಂತಹ ದುರಂತವೇನಾದರೂ ನಡೆದರೆ, ‘ಪಾಪ, ನೆಲ ತೊಳೆದುಬಿಡೋಣ’ ಎಂದು ಮುಂದಾಗಬೇಡಿ. ನೀವು ತೊಳೆಯುವುದು ಕುರುಹನ್ನು. ತೀರ್ಪು ಕೊಡುವುದು ನಮ್ಮ ಕೆಲಸವಲ್ಲ, ಅದು ತನಿಖೆಗೂ ನ್ಯಾಯಾಲಯಕ್ಕೂ ಬಿಟ್ಟದ್ದು. ಅವರು ಓದಬೇಕಾದ ಅಕ್ಷರ ಅಳಿಸದಂತೆ ನೋಡಿಕೊಳ್ಳುವುದು ಮಾತ್ರ ನೆರೆಹೊರೆಯವರ ಕೆಲಸ.

ಹೂ ಆರಿಸುವುದು, ಹೂ ಕಟ್ಟುವುದು

ಈಗ ಸುದ್ದಿಯ ವಾಕ್ಯಕ್ಕೆ ಬರೋಣ. ಸಸ್ಸೂರ್ ಹೇಳಿದ ಇನ್ನೊಂದು ವಿಷಯವನ್ನು ನಾನು ಹೂವಿನ ಮಾಲೆಯಿಂದ ವಿವರಿಸುತ್ತೇನೆ. ಮಾಲೆ ಕಟ್ಟುವವಳು ಎರಡು ಕೆಲಸ ಮಾಡುತ್ತಾಳೆ. ಬುಟ್ಟಿಯಿಂದ ಮಲ್ಲಿಗೆಯೋ ಕನಕಾಂಬರವೋ ಸೇವಂತಿಗೆಯೋ ಎಂದು ಆರಿಸುತ್ತಾಳೆ. ಆರಿಸಿದ್ದನ್ನು ಒಂದರ ಪಕ್ಕ ಒಂದಿಟ್ಟು ಕಟ್ಟುತ್ತಾಳೆ. ವಾಕ್ಯವೂ ಹೀಗೆಯೇ. ಪದಗಳನ್ನು ಆರಿಸಬೇಕು, ಸಾಲಾಗಿ ಕಟ್ಟಬೇಕು. ಮಾಲೆಯಲ್ಲಿ ಕನಕಾಂಬರ ಕಂಡರೆ, ಬುಟ್ಟಿಯಲ್ಲಿ ಉಳಿದುಹೋದ ಮಲ್ಲಿಗೆಯನ್ನೂ ನೆನೆಯಬೇಕು. ಒಂದು ಪದಕ್ಕೆ ಬೆಲೆ ಬರುವುದು ಅದರ ಜಾಗದಲ್ಲಿ ಬರಬಹುದಾಗಿದ್ದ ಇತರ ಪದಗಳಿಂದ.

‘ಸ್ಟೌ ಸಿಡಿದು ಗೃಹಿಣಿ ಸಾವು.’ ಬಿಚ್ಚಿ ನೋಡೋಣ. ‘ಗೃಹಿಣಿ’ ಎಂಬ ಜಾಗದಲ್ಲಿ ಮಹಿಳೆ, ಸೊಸೆ, ಬೀಡಿ ಕಾರ್ಮಿಕೆ, ಇಪ್ಪತ್ತೆರಡರ ಹುಡುಗಿ ಎಂದು ಏನು ಬೇಕಾದರೂ ಬರಬಹುದಿತ್ತು. ಗೃಹಿಣಿ ಎಂದಕೂಡಲೇ ಅವಳ ಜಾಗ ಅಡುಗೆಮನೆ ಎಂದಾಯಿತು. ಅಡುಗೆಮನೆಯಲ್ಲಿ ಬೆಂಕಿ ಸಹಜ ಎಂದಾಯಿತು. ‘ಸಾವು’ ಎಂಬ ಜಾಗದಲ್ಲಿ ‘ಕೊಲೆ ಶಂಕೆ’ ಎಂದು ಬರಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಈ ವಾಕ್ಯದಲ್ಲಿ ಕೆಲಸ ಮಾಡಿದವರು ಯಾರು? ಸ್ಟೌ! ಮನೆಯಲ್ಲಿ ಗಂಡನಿದ್ದ, ಅತ್ತೆಯಿದ್ದಳು, ಮೈದುನನಿದ್ದ. ವಾಕ್ಯದಲ್ಲಿ ಯಾರೂ ಇಲ್ಲ.

ಸೀಮೆಎಣ್ಣೆ ಸ್ಟೌ ಬಳಕೆ ಈಗ ತೀರ ಕಡಿಮೆಯಾಗಿದೆ. ವಾಕ್ಯದ ಅಚ್ಚು ಹಾಗೇ ಉಳಿದಿದೆ. ‘ಹೊಟ್ಟೆನೋವು ತಾಳಲಾರದೆ ನವವಿವಾಹಿತೆ ಆತ್ಮಹತ್ಯೆ.’ ‘ಜೀವನದಲ್ಲಿ ಜಿಗುಪ್ಸೆಗೊಂಡು ಮಹಿಳೆ ನೇಣಿಗೆ ಶರಣು.’ ‘ಕೌಟುಂಬಿಕ ಕಲಹ: ಬಾವಿಗೆ ಬಿದ್ದು ತಾಯಿ ಮಕ್ಕಳ ಸಾವು.’ ಇವನ್ನು ನೀವೆಲ್ಲ ಓದಿದ್ದೀರಿ. ಹೊಟ್ಟೆನೋವು ನಿಜವಾಗಿಯೂ ಇರುವವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಮದುವೆಯಾಗಿ ಒಂದೆರಡು ವರ್ಷದ ಹೆಣ್ಣುಮಕ್ಕಳಿಗೇ ಸಾಯುವಷ್ಟು ಹೊಟ್ಟೆನೋವು ಏಕೆ ಬರುತ್ತದೆ? ‘ಜಿಗುಪ್ಸೆ’ ತಾನಾಗಿ ಹುಟ್ಟುತ್ತದೆಯೇ, ಯಾರಾದರೂ ದಿನಾ ಹುಟ್ಟಿಸಬೇಕೇ? ‘ಕಲಹ’ ಎಂದರೆ ಇಬ್ಬರೂ ಜಗಳಾಡಿದರು ಎಂದರ್ಥ. ಒಬ್ಬನು ಹೊಡೆದು ಒಬ್ಬಳು ಹೊಡೆಸಿಕೊಂಡರೆ ಅದಕ್ಕೆ ಕಲಹವೆಂದು ಹೆಸರೇ? ನಮ್ಮ ಕನ್ನಡದಲ್ಲಿ ಮಾಡಿದವರ ಹೆಸರಿಲ್ಲದೆಯೂ ವಾಕ್ಯ ಸೊಗಸಾಗಿ ಮುಗಿಯುತ್ತದೆ. ‘ಏಟು ಬಿತ್ತು’ ಎನ್ನುತ್ತೇವೆ. ಏಟು ಮಳೆಯ ಹಾಗೆ ಆಕಾಶದಿಂದ ಬೀಳುತ್ತದೆಯೇ? ಸುದ್ದಿ ಓದುವಾಗಲೆಲ್ಲ ‘ಯಾರು?’ ಎಂಬ ಒಂದು ಪದವನ್ನು ಸೇರಿಸಿ ಓದಿ. ಖಾಲಿ ಜಾಗ ತಾನಾಗಿ ಕಾಣಿಸುತ್ತದೆ.

ಚಿತ್ರದ ಹಿಂದಿನ ಮಾತು

ಫ್ರಾನ್ಸಿನ ರೋಲಾಂಡ್ ಬಾರ್ತ್ ಈ ಶಾಸ್ತ್ರವನ್ನು ಬೀದಿಗೆ ತಂದವರು. ಕುಸ್ತಿ, ಸೋಪಿನ ಪುಡಿ, ಆಟಿಕೆ ಇಂಥವುಗಳ ಬಗ್ಗೆ ಬರೆದ ಅವರ ಲೇಖನಗಳ ಪುಸ್ತಕ 1957ರಲ್ಲಿ ಬಂತು. 1964ರ ಒಂದು ಪ್ರಬಂಧದಲ್ಲಿ ಅವರು ಪಾನ್ಝಾನಿ ಎಂಬ ಕಂಪನಿಯ ಜಾಹೀರಾತೊಂದನ್ನು ಬಿಡಿಸಿಟ್ಟರು. ಚಿತ್ರದಲ್ಲಿ ಒಂದು ಬಲೆಚೀಲ, ಅದರಿಂದ ಹೊರಚೆಲ್ಲಿದ ಶಾವಿಗೆ ಪೊಟ್ಟಣ, ಟೊಮೆಟೊ, ಈರುಳ್ಳಿ. ಮೊದಲ ಅರ್ಥ ಅಷ್ಟೇ. ಆದರೆ ಚೀಲ ಬಾಯಿತೆರೆದಿರುವುದರಿಂದ ಈಗಷ್ಟೇ ಸಂತೆಯಿಂದ ಬಂದದ್ದು, ತಾಜಾ, ಮನೆಯಡುಗೆ ಎಂಬ ಎರಡನೆಯ ಅರ್ಥ ಹುಟ್ಟುತ್ತದೆ. ಡಬ್ಬಿಯ ಸಾಮಾನಿಗೂ ತೋಟದ ತಾಜಾತನ ಅಂಟಿಕೊಳ್ಳುತ್ತದೆ. ಮೊದಲನೆಯದು ವಾಚ್ಯ, ಎರಡನೆಯದು ಧ್ವನಿ. ನಮ್ಮ ಆನಂದವರ್ಧನನ ಕಾಲದಿಂದಲೂ ನಾವು ಕೇಳಿದ ಪದಗಳಿವು. ಬಾರ್ತ್ ಸೇರಿಸಿದ ಮಾತೆಂದರೆ, ಈ ಎರಡನೆಯ ಅರ್ಥ ಮೆಲ್ಲಗೆ ‘ಲೋಕವೇ ಹೀಗೆ’ ಎಂಬ ವೇಷ ತೊಟ್ಟುಬಿಡುತ್ತದೆ. ಅದನ್ನೇ ಅವರು ಮಿಥ್ ಎಂದರು. ಕಟ್ಟುಕತೆ ಎನ್ನಿ.

1980ರ ದಶಕದಲ್ಲಿ ದೂರದರ್ಶನದಲ್ಲಿ ಬರುತ್ತಿದ್ದ ಪ್ರೆಸ್ಟೀಜ್ ಕುಕ್ಕರಿನ ಜಾಹೀರಾತು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. ಹೆಂಡತಿಯನ್ನು ಪ್ರೀತಿಸುವವನು ಈ ಕುಕ್ಕರನ್ನು ಬೇಡವೆನ್ನುವುದು ಹೇಗೆ ಎಂದು ಅದು ಹಿಂದಿಯಲ್ಲಿ ಪ್ರಾಸ ಹಾಕಿ ಕೇಳುತ್ತಿತ್ತು. ವಾಚ್ಯ: ಕುಕ್ಕರ್ ಸುರಕ್ಷಿತ, ಕೊಳ್ಳಿ. ಧ್ವನಿ: ಗಂಡನ ಪ್ರೀತಿಯೆಂದರೆ ಹೆಂಡತಿಗೆ ಒಳ್ಳೆಯ ಅಡುಗೆ ಸಾಮಾನು ತಂದುಕೊಡುವುದು. ಕಟ್ಟುಕತೆ: ದುಡ್ಡು ಅವನದು, ಒಲೆ ಅವಳದು, ಲೋಕವೇ ಹೀಗೆ. ಹೇಳಿದ್ದರಲ್ಲಿ ಬೈಗುಳವಿಲ್ಲ, ಪ್ರೀತಿಯ ಮಾತೇ ಇದೆ. ಅದಕ್ಕೇ ಅದು ಗಟ್ಟಿಯಾಗಿ ಕೂರುತ್ತದೆ.

ಇನ್ನೊಂದು ಚಿತ್ರ. ಸೊಸೆ ಸತ್ತ ಸುದ್ದಿಯ ಪಕ್ಕದಲ್ಲಿ ಪತ್ರಿಕೆಗಳು ಎಷ್ಟೋ ಸಲ ಅವಳ ಮದುವೆಯ ಫೋಟೋ ಹಾಕುತ್ತವೆ. ಬಾಸಿಂಗ, ಕತ್ತಿನ ತುಂಬ ಸರ, ಕೈ ತುಂಬ ಬಳೆ. ಮನೆಯವರ ಹತ್ತಿರ ಇರುವ ಒಳ್ಳೆಯ ಫೋಟೋ ಅದೊಂದೇ ಆಗಿರುತ್ತದೆ, ನಿಜ. ಆದರೆ ಓದುವವರಿಗೆ ಅದು ‘ಎಷ್ಟು ಚೆನ್ನಾಗಿ ಮದುವೆ ಮಾಡಿಕೊಟ್ಟಿದ್ದರು, ಪಾಪ’ ಎಂದು ಹೇಳುತ್ತದೆ. ಒಮ್ಮೆ ಆ ಫೋಟೋವನ್ನು ಕುರುಹಾಗಿ ನೋಡಿ. ಆ ಸರವೇ ವರದಕ್ಷಿಣೆಯ ಸರ. ಅವಳ ಅಪ್ಪ ಸಾಲ ಮಾಡಿ ತಂದದ್ದು, ಸಾಲದೆಂದು ಅತ್ತೆ ಮನೆಯವರು ತೂಗಿ ನೋಡಿದ್ದು. ಶೃಂಗಾರದ ಚಿತ್ರವೆಂದು ನಾವು ನೋಡಿದ್ದು ಬೇಡಿಕೆಯ ಪಟ್ಟಿಯೂ ಹೌದು.

ಪಾತ್ರೆಯ ಆಕಾರ ನೀರಿಗೆ

ಪ್ರತಿಯೊಂದು ಮಾಧ್ಯಮಕ್ಕೂ ತನ್ನದೇ ಆಕಾರವಿದೆ. ಒಳಗೆ ಹಾಕಿದ ವಿಷಯ ಆ ಆಕಾರ ತಾಳುತ್ತದೆ. ಪತ್ರಿಕೆಗೆ ಬೇಕಾದದ್ದು ‘ನಿನ್ನೆ ನಡೆದ ಘಟನೆ’. ಹಿಂಸೆಯೋ ಹತ್ತು ವರ್ಷ ದಿನಾ ನಡೆಯುವಂಥದ್ದು. ದಿನಾ ನಡೆಯುವುದು ಸುದ್ದಿಯಾಗುವುದಿಲ್ಲ. ಹಾಗಾಗಿ ಆ ಹತ್ತು ವರ್ಷ ಪತ್ರಿಕೆಗೆ ಕಾಣುವುದೇ ಇಲ್ಲ, ಹೆಣ ಬಿದ್ದ ದಿನ ನಾಲ್ಕು ಸಾಲು ಕಾಣುತ್ತದೆ. ಆ ನಾಲ್ಕು ಸಾಲು ಯಾವ ಪುಟದಲ್ಲಿದೆ, ಯಾವ ಮೂಲೆಯಲ್ಲಿದೆ ಎಂಬುದೂ ಒಂದು ಚಿಹ್ನೆಯೇ.

ಧಾರಾವಾಹಿಯ ಆಕಾರ ಇದಕ್ಕೆ ಸರಿಯಾಗಿ ಉಲ್ಟಾ. ಅದು ನಾಳೆಯೂ ಬರಬೇಕು, ಮುಂದಿನ ವರ್ಷವೂ ಬರಬೇಕು. ಹಾಗಾಗಿ ಸೊಸೆಯ ಕಷ್ಟ ಮುಗಿಯುವಂತಿಲ್ಲ. ಅವಳು ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟು ಬೇರೆ ಮನೆ ಮಾಡಿದರೆ ಕತೆ ಮುಗಿಯಿತು! ಆದ್ದರಿಂದ ಅವಳು ಸಹಿಸುತ್ತಲೇ ಇರುತ್ತಾಳೆ, ಸಹನೆ ಒಂದು ದೊಡ್ಡ ಗುಣವಾಗಿ ಕಾಣುತ್ತದೆ. ಕ್ಯಾಮೆರಾ ಕೆಳಗಿನಿಂದ ನೋಡಿದರೆ ಅತ್ತೆ ದೊಡ್ಡವಳಾಗಿ ಕಾಣುತ್ತಾಳೆ, ಮೇಲಿನಿಂದ ನೋಡಿದರೆ ಸೊಸೆ ಚಿಕ್ಕವಳಾಗಿ ಕಾಣುತ್ತಾಳೆ. ಒಬ್ಬರ ಮುಖದ ನಂತರ ಇನ್ನೊಬ್ಬರ ಮುಖ, ಅದಕ್ಕೆ ಗುಡುಗಿನಂಥ ಸಂಗೀತ. ಜಗಳ ಇಬ್ಬರು ಹೆಂಗಸರದು ಎಂದಾಯಿತು. ಗಂಡ ಸೋಫಾದ ಪಕ್ಕ ಸುಮ್ಮನೆ ನಿಂತಿರುತ್ತಾನೆ. ಆಸ್ತಿ ಯಾರ ಹೆಸರಿನಲ್ಲಿದೆ, ವರದಕ್ಷಿಣೆಯ ಹಣ ಯಾರ ಖಾತೆಗೆ ಹೋಯಿತು ಎಂದು ಕ್ಯಾಮೆರಾ ಕೇಳುವುದಿಲ್ಲ.

ಈಗ ಮೊಬೈಲು. ಅದರಲ್ಲಿ ಚೂರು ಚೂರು ವಿಡಿಯೋ ಬರುತ್ತದೆ, ಹಿಂದುಮುಂದು ಇರುವುದಿಲ್ಲ. ಹೆಂಡತಿ ಕೂಗಾಡುವ ಅರ್ಧ ನಿಮಿಷ ಕಾಣುತ್ತದೆ, ಅದಕ್ಕೂ ಮುಂಚಿನ ಅರ್ಧ ಗಂಟೆ ಕಾಣುವುದಿಲ್ಲ. ಮಾಲೆಯಿಂದ ಒಂದು ಹೂ ಕಿತ್ತು ತೋರಿಸಿದ ಹಾಗೆ. ಮುಂದಕ್ಕೆ ಕಳಿಸುವ ಮೊದಲು, ಇದನ್ನು ಕತ್ತರಿಸಿದವರು ಯಾರು ಎಂದು ಕೇಳಿಕೊಳ್ಳಿ.

ಒಪ್ಪಿ, ಚೌಕಾಸಿ ಮಾಡಿ, ಎದುರು ನಿಂತು

ಹಾಗಾದರೆ ನಾವೆಲ್ಲ ಮಾಧ್ಯಮ ಕೊಟ್ಟದ್ದನ್ನು ನುಂಗುವ ಗೊಂಬೆಗಳೇ? ಅಲ್ಲ. ಜಮೈಕಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಕೆಲಸ ಮಾಡಿದ ಸ್ಟುವರ್ಟ್ ಹಾಲ್ ಎಂಬ ವಿದ್ವಾಂಸರು 1973ರಲ್ಲಿ ಹೇಳಿದ್ದು ಇದನ್ನೇ. ಕಳಿಸುವವರು ಒಂದು ಅರ್ಥ ತುಂಬಿ ಕಳಿಸುತ್ತಾರೆ, ಬಿಚ್ಚುವವರು ಮೂರು ರೀತಿಯಲ್ಲಿ ಬಿಚ್ಚಬಹುದು. ಒಂದು, ಹೇಳಿದ್ದನ್ನು ಒಪ್ಪಿ ಓದುವುದು: ‘ಹೌದು, ಸೊಸೆಯಾದವಳು ತಗ್ಗಿ ನಡೆಯಬೇಕು.’ ಎರಡು, ಚೌಕಾಸಿ ಮಾಡಿ ಓದುವುದು: ‘ತಗ್ಗಿ ನಡೆಯುವುದು ಸರಿ, ಆದರೆ ಹೊಡೆದದ್ದು ತಪ್ಪು.’ ಮೂರು, ಎದುರು ನಿಂತು ಓದುವುದು: ‘ತಗ್ಗುವ ಮಾತೇಕೆ? ಇಬ್ಬರೂ ಒಂದೇ ಎತ್ತರದಲ್ಲಿ ಏಕಿರಬಾರದು?’ ಒಬ್ಬಳೇ ಕೂತು ನೋಡುವಾಗ ಮೂರನೆಯ ಓದು ಕಷ್ಟ. ಹತ್ತು ಜನ ಕೂತು ಮಾತಾಡುತ್ತಾ ನೋಡಿದರೆ ಅದು ತಾನಾಗಿ ಬಾಯಿಗೆ ಬರುತ್ತದೆ. ನಿಮ್ಮ ವಾರದ ಸಭೆಗೆ ಅಷ್ಟು ಶಕ್ತಿಯಿದೆ.

ಚಿಹ್ನೆ ಬದಲಿಸಿದವರು

ಮೊದಲು ಹಾಕಿದ ಗಂಟನ್ನು ಈಗ ಬಿಚ್ಚೋಣ. ಅರ್ಥ ಇಟ್ಟವರು ನಾವಾದರೆ ಬದಲಿಸಬಹುದು ಎಂದೆನಲ್ಲ, ಬದಲಿಸಿದವರು ಇದ್ದಾರೆ. 1979ರಲ್ಲಿ ದೆಹಲಿಯ ‘ಸ್ತ್ರೀ ಸಂಘರ್ಷ್’ ಗುಂಪಿನ ಹೆಣ್ಣುಮಕ್ಕಳು, ವರದಕ್ಷಿಣೆಗಾಗಿ ಸುಟ್ಟುಹೋದವರ ಸಾವನ್ನು ಆತ್ಮಹತ್ಯೆ ಎನ್ನಬೇಡಿ, ಕೊಲೆ ಎನ್ನಿ ಎಂದು ಮೆರವಣಿಗೆ ಮಾಡಿದರು. ‘ಓಂ ಸ್ವಾಹಾ’ ಎಂಬ ಬೀದಿ ನಾಟಕ ಆಡಿದರು. ಆ ಹೆಸರನ್ನೇ ಗಮನಿಸಿ. ಮದುವೆಯ ಹೋಮದಲ್ಲಿ ಕೇಳುವ ಮಂತ್ರದ ಮಾತು ಅದು. ಮದುವೆಯ ಬೆಂಕಿಯನ್ನೂ ಸೊಸೆಯನ್ನು ಸುಟ್ಟ ಬೆಂಕಿಯನ್ನೂ ಎರಡೇ ಪದಗಳಲ್ಲಿ ಅಕ್ಕಪಕ್ಕ ಇಟ್ಟುಬಿಟ್ಟರು.

ಈ ಹೋರಾಟಗಳ ಒತ್ತಡದಿಂದಲೇ ಕಾನೂನಿನ ಪದಕೋಶ ಬೆಳೆಯಿತು. 1983ರಲ್ಲಿ ಗಂಡ ಮತ್ತು ಅವನ ಸಂಬಂಧಿಕರ ‘ಕ್ರೌರ್ಯ’ ಅಪರಾಧವಾಗಿ 498-ಎ ಕಲಮು ಬಂತು. 1986ರಲ್ಲಿ 304-ಬಿ ಕಲಮಿನಿಂದ ‘ವರದಕ್ಷಿಣೆ ಸಾವು’ ಎಂಬ ಹೆಸರೇ ಕಾನೂನಿಗೆ ಬಂತು. ಮದುವೆಯಾದ ಏಳು ವರ್ಷದೊಳಗೆ ಅಸಹಜ ಸಾವು, ಅದಕ್ಕೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಕಿರುಕುಳ ಎಂದಿದ್ದರೆ ಅದಕ್ಕೆ ಈ ಹೆಸರು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲೆ ಇವು ಕ್ರಮವಾಗಿ 85 ಮತ್ತು 80ನೇ ಕಲಮುಗಳಾಗಿವೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ ‘ಹಿಂಸೆ’ ಎಂಬ ಪದವನ್ನು ಇನ್ನಷ್ಟು ಅಗಲ ಮಾಡಿತು. ಹೊಡೆತ ಮಾತ್ರವಲ್ಲ, ಬೈಗುಳ, ಲೈಂಗಿಕ ದೌರ್ಜನ್ಯ, ಖರ್ಚಿಗೆ ಕೊಡದಿರುವುದು, ಅವಳ ದುಡ್ಡು ಕಿತ್ತುಕೊಳ್ಳುವುದು ಎಲ್ಲವೂ ಹಿಂಸೆಯೇ ಆಯಿತು. ಸಂಘದ ಸಾಲವನ್ನು ನಿಮ್ಮ ಕೈಯಿಂದ ಕಿತ್ತುಕೊಂಡು ಹೋಗುವುದಕ್ಕೂ ಈಗ ಒಂದು ಹೆಸರಿದೆ. ಹೆಸರಿಲ್ಲದ ನೋವನ್ನು ದೂರು ಕೊಡಲಾಗುವುದಿಲ್ಲ, ಹೆಸರು ಸಿಕ್ಕ ನೋವನ್ನು ಕೊಡಬಹುದು.

ಇನ್ನು ಕಪ್ಪು ಬಟ್ಟೆ. ನಮ್ಮಲ್ಲಿ ಶುಭಕಾರ್ಯಕ್ಕೆ ಕಪ್ಪು ಉಡಬಾರದು ಎನ್ನುತ್ತಾರೆ. 1988ರಲ್ಲಿ ಜೆರುಸಲೇಮಿನ ಹೆಂಗಸರು ಆಕ್ರಮಣವನ್ನು ವಿರೋಧಿಸಿ ಕಪ್ಪು ಉಟ್ಟು ಬೀದಿಯಲ್ಲಿ ಮೌನವಾಗಿ ನಿಂತರು. ಬೆಂಗಳೂರಿನಲ್ಲಿ ವಿಮೋಚನಾದ ಹೆಣ್ಣುಮಕ್ಕಳೂ ಹಿಂಸೆಯ ವಿರುದ್ಧ ಹಾಗೆ ಕಪ್ಪುಟ್ಟು ನಿಂತರು. ಅಮಂಗಳವೆಂದಿದ್ದ ಬಣ್ಣ ಪ್ರತಿಭಟನೆಯ ಬಣ್ಣವಾಯಿತು. ಒಂದು ಮಾತೂ ಆಡದೆ ಒಂದು ವಾಕ್ಯ ಹೇಳಿದ ಹಾಗಾಯಿತು.

ನಮ್ಮ ಕೈಲಾಗುವುದು

ನಿಮಗೊಂದು ಮನೆಪಾಠ ಕೊಡುತ್ತೇನೆ. ತಿಂಗಳಿಗೊಂದು ಸಭೆಯಲ್ಲಿ ಹಣದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ತೆಗೆದಿಡಿ. ಓದು ಬರುವವರೊಬ್ಬರು ಪತ್ರಿಕೆಯ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಲಿ. ಎಲ್ಲರೂ ನಾಲ್ಕು ಪ್ರಶ್ನೆ ಕೇಳಿ. ಈ ಪದದ ಜಾಗದಲ್ಲಿ ಬೇರೆ ಯಾವ ಪದ ಬರಬಹುದಿತ್ತು? ವಾಕ್ಯದಲ್ಲಿ ಯಾರು ಕಾಣೆಯಾಗಿದ್ದಾರೆ? ಇದನ್ನು ವರದಿಗಾರನಿಗೆ ಹೇಳಿದವರು ಯಾರು? ಸತ್ತವಳೇ ಹೇಳುವಂತಿದ್ದರೆ ಏನೆನ್ನುತ್ತಿದ್ದಳು? ಆಮೇಲೆ ಆ ಸುದ್ದಿಯನ್ನು ನೀವೇ ಒಮ್ಮೆ ಬರೆದು ನೋಡಿ. ಗೊತ್ತಿಲ್ಲದ್ದನ್ನು ಸೇರಿಸಬೇಡಿ, ಯಾರ ಮೇಲೂ ಊಹೆಯಿಂದ ಆರೋಪ ಹೊರಿಸಬೇಡಿ. ‘ಮದುವೆಯಾಗಿ ಎರಡು ವರ್ಷವಾಗಿತ್ತು, ಸಾವಿನ ಕಾರಣ ತನಿಖೆಯಾಗಬೇಕಿದೆ’ ಎಂದು ಬರೆದರೂ ಸಾಕು, ಅದು ‘ಹೊಟ್ಟೆನೋವು’ ಎನ್ನುವುದಕ್ಕಿಂತ ಸತ್ಯಕ್ಕೆ ಹತ್ತಿರ. ಬರೆದದ್ದನ್ನು ಸಂಘದ ಹೆಸರಿನಲ್ಲಿ ಸಂಪಾದಕರಿಗೆ ಕಳಿಸಿ.

ಇನ್ನೊಂದು ಮಾತು, ಇದು ಪಾಠಕ್ಕಿಂತ ದೊಡ್ಡದು. ಪತ್ರಿಕೆಯವರು ಪದವನ್ನು ತಾವೇ ಹುಟ್ಟಿಸುವುದು ಕಡಿಮೆ. ಅವರಿಗೆ ಪೊಲೀಸರು ಹೇಳುತ್ತಾರೆ, ಪೊಲೀಸರಿಗೆ ಮನೆಯವರೂ ನೆರೆಯವರೂ ಹೇಳುತ್ತಾರೆ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳೊಬ್ಬಳು ಸಂಶಯಾಸ್ಪದವಾಗಿ ಸತ್ತರೆ ತಹಸೀಲ್ದಾರರಂತಹ ದಂಡಾಧಿಕಾರಿಗಳು ವಿಚಾರಣೆ ನಡೆಸಬೇಕೆಂದು ಕಾನೂನಿದೆ. ಆಗ ಅಕ್ಕಪಕ್ಕದವರನ್ನು ಕೇಳುತ್ತಾರೆ. ಅಕ್ಕಪಕ್ಕದವರು ಎಂದರೆ ನೀವು. ‘ನಮಗೇನೂ ಗೊತ್ತಿಲ್ಲ, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದು ನೀವು ಹೇಳಿದರೆ, ಆ ಗಾದೆಯೇ ಕಡತದಲ್ಲಿ ‘ಕೌಟುಂಬಿಕ ಕಲಹ’ ಎಂದಾಗುತ್ತದೆ, ಮರುದಿನ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ‘ಹೋದ ವಾರ ರಾತ್ರಿ ಕೂಗಿದ್ದನ್ನು ಕೇಳಿದೆ, ಹಣ ತಾ ಎಂದು ಹೊಡೆಯುತ್ತಿದ್ದರು’ ಎಂದು ಕೇಳಿದ್ದನ್ನು ಕೇಳಿದ ಹಾಗೆ ಹೇಳಿದರೆ ಬೇರೆ ವಾಕ್ಯ ಹುಟ್ಟುತ್ತದೆ.

ಅದಕ್ಕಿಂತ ಮೇಲಾದದ್ದು, ಅವಳು ಬದುಕಿರುವಾಗಲೇ ಕುರುಹನ್ನು ಓದುವುದು. ಬಿಸಿಲಿನಲ್ಲೂ ಉದ್ದ ತೋಳಿನ ರವಿಕೆ, ಸಭೆಗೆ ಬರುವುದು ನಿಂತದ್ದು, ಕತ್ತಿನಲ್ಲಿದ್ದ ಸರ ಕಾಣದಿರುವುದು, ‘ಬಚ್ಚಲಲ್ಲಿ ಜಾರಿ ಬಿದ್ದೆ’ ಎಂಬ ಮಾತು ಮೂರನೆಯ ಸಲ ಬಂದದ್ದು. ಇವನ್ನು ಓದಲು ಎಂ.ಎ. ಬೇಕಿಲ್ಲ. ನೀವು ಓದಿಯೇ ಇರುತ್ತೀರಿ, ಗಟ್ಟಿಯಾಗಿ ಓದಿರುವುದಿಲ್ಲ ಅಷ್ಟೇ. ಹೋಗಿ ಬಾಗಿಲು ತಟ್ಟಿ. ‘ಏನಮ್ಮಾ, ಹುಷಾರಾಗಿದ್ದೀಯಾ?’ ಎಂದು ಕೇಳಿ. 181 ಮಹಿಳಾ ಸಹಾಯವಾಣಿ, 112 ತುರ್ತು ಕರೆ ಎಂಬ ಎರಡು ಅಂಕಿಗಳನ್ನು ಸಂಘದ ಪಾಸ್‌ಬುಕ್ಕಿನ ಮೇಲೆ ಬರೆದಿಡಿ.

 ಪ್ರಶ್ನೆಗಳಿದ್ದರೆ ಕೇಳಿ. ಹಿಂದಿನ ಸಾಲಿನವರು ಮೊದಲು ಕೇಳಲಿ.